ಆ್ಯಪ್‌ನಲ್ಲಿ 92, ಪರೀಕ್ಷೆಯಲ್ಲಿ 54

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ. ಎಂಟು ತಿಂಗಳಿಂದ ಎಐ ಇರುವ ಒಂದು ಕಲಿಕೆಯ ಆ್ಯಪ್ ಬಳಸುತ್ತಿದ್ದಾಳೆ. ಮಗುವಿನ ಮಟ್ಟ ನೋಡಿಕೊಂಡು ಪ್ರಶ್ನೆಗಳನ್ನು ಅದೇ ಬದಲಾಯಿಸುತ್ತದಂತೆ. ಗಣಿತದಲ್ಲಿ ಅವಳ ‘ಪರಿಣತಿ’ ಶೇ. 92 ಎಂದು ತೋರಿಸುತ್ತದೆ. ಆದರೆ ಮೊನ್ನೆ ಶಾಲೆಯ ಪರೀಕ್ಷೆಯಲ್ಲಿ ನೂರಕ್ಕೆ 54 ಬಂತು. ‘ನಂಗೆ ಎಲ್ಲ ಬರ್ತಿತ್ತಮ್ಮ’ ಅಂತ ಅತ್ತುಬಿಟ್ಟಳು. ಅವಳು ‘ನೋಡಿ ಕಲಿಯುವ’ ಮಗು, ಬಲ ಮಿದುಳು ಚುರುಕು ಎಂದು ಆ್ಯಪ್‌ನವರು ವರದಿ ಕೊಟ್ಟಿದ್ದಾರೆ. ಅದಕ್ಕೇ ಪಾಠವೆಲ್ಲ ವಿಡಿಯೊದಲ್ಲೇ ಬರುತ್ತದೆ. ಈಗ ಹಣೆಗೆ ಕಟ್ಟುವ ಹೆಡ್‌ಬ್ಯಾಂಡ್ ಕೊಳ್ಳಿ, ಮಿದುಳಿನ ಅಲೆ ಓದಿ ಗಮನ ಎಷ್ಟಿದೆ ಹೇಳುತ್ತದೆ ಅನ್ನುತ್ತಿದ್ದಾರೆ. ಹೋಮ್‌ವರ್ಕ್‌ಗೆ ಚಾಟ್‌ಬಾಟ್ ಬೇರೆ. ಎಲ್ಲ ನಿಲ್ಲಿಸಿ ಪುಸ್ತಕ ಹಿಡಿಸು ಅನ್ನುತ್ತಾರೆ ಮಾವನವರು. ಕಾಲ ಬದಲಾಗಿದೆ, ಬಿಡು ಅನ್ನುತ್ತಾರೆ ನನ್ನ ಗಂಡ. ಇದರಿಂದ ಅವಳ ಮಿದುಳಿಗೆ ತೊಂದರೆ ಆಗುತ್ತಿದೆಯಾ? ನಿಲ್ಲಿಸಲಾ, ಮುಂದುವರಿಸಲಾ?

ಉತ್ತರ: ನಿಮ್ಮ ಮಗಳ ಮಾತಿನಿಂದಲೇ ಶುರು ಮಾಡುತ್ತೇನೆ. ‘ನಂಗೆ ಎಲ್ಲ ಬರ್ತಿತ್ತು’ ಅಂದಳಲ್ಲ, ಅದು ಸುಳ್ಳಲ್ಲ. ಆ್ಯಪ್ ಮುಂದೆ ಕೂತಾಗ ಅವಳಿಗೆ ನಿಜವಾಗಿಯೂ ಬರುತ್ತಿತ್ತು. 92 ನಿಜ, 54 ಕೂಡ ನಿಜ. ಅಳೆದದ್ದು ಬೇರೆ ಬೇರೆ. ಒಂದು, ಕಲಿತ ಕೂಡಲೇ ಎಷ್ಟು ಬರುತ್ತದೆ ಎಂಬುದನ್ನು ಅಳೆಯಿತು. ಇನ್ನೊಂದು, ದಿನ ಕಳೆದ ಮೇಲೆ, ಯಾರ ನೆರವೂ ಇಲ್ಲದೆ ಎಷ್ಟು ಉಳಿದಿದೆ ಎಂಬುದನ್ನು ಅಳೆಯಿತು.

ನಾನು ಮಕ್ಕಳ ಕಲಿಕೆಯ ಮನೋವಿಜ್ಞಾನದಲ್ಲಿ ಕೆಲಸ ಮಾಡುವವಳು. ಕೆಲವು ವರ್ಷ ಇಂಥದೇ ಸಾಫ್ಟ್‌ವೇರ್ ಮಾಡುವವರ ಜೊತೆಯೂ ಕೂತಿದ್ದೇನೆ. ಹಾಗಾಗಿ ಆ 92 ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಇಂಥ ಆ್ಯಪ್‌ಗಳಲ್ಲಿ ಹಲವು ಒಂದು ಹಳೆಯ ಲೆಕ್ಕದ ಮೇಲೆ ನಿಂತಿವೆ. 1990ರ ದಶಕದಲ್ಲಿ ಆಲ್ಬರ್ಟ್ ಕಾರ್ಬೆಟ್ ಮತ್ತು ಜಾನ್ ಆಂಡರ್ಸನ್ ಎಂಬ ಸಂಶೋಧಕರು ಅದನ್ನು ರೂಪಿಸಿದರು. ಪಾಠವನ್ನು ಸಣ್ಣ ಸಣ್ಣ ಕೌಶಲಗಳಾಗಿ ಒಡೆಯುತ್ತಾರೆ. ಪ್ರತಿ ಕೌಶಲಕ್ಕೂ ಕಂಪ್ಯೂಟರ್ ನಾಲ್ಕು ಅಂದಾಜು ಇಟ್ಟುಕೊಳ್ಳುತ್ತದೆ. ಮಗುವಿಗೆ ಇದು ಮೊದಲೇ ಗೊತ್ತಿತ್ತಾ? ಈ ಪ್ರಶ್ನೆ ಮಾಡುವಾಗ ಕಲಿತಿತಾ? ಗೊತ್ತಿಲ್ಲದೆ ಊಹೆಯಲ್ಲಿ ಸರಿ ಬರೆಯಿತಾ? ಗೊತ್ತಿದ್ದೂ ಕೈತಪ್ಪಿತಾ? ಸಾಲಾಗಿ ಕೆಲವು ಉತ್ತರ ಸರಿಯಾದರೆ ‘ಇದು ಬಂತು’ ಎಂದು ಗುರುತು ಹಾಕಿ ಮುಂದಕ್ಕೆ ಕಳಿಸುತ್ತದೆ. ಚೆನ್ನಾಗಿಯೇ ಇದೆ, ಅಲ್ವಾ? ಆದರೆ ಈ ಲೆಕ್ಕದ ಮೂಲ ರೂಪದಲ್ಲಿ ಒಂದು ವಿಷಯಕ್ಕೆ ಜಾಗವೇ ಇಲ್ಲ. ಅದು ಮರೆವು. ಒಮ್ಮೆ ಬಂದದ್ದು ಹೋಗುವುದಿಲ್ಲ ಎಂದೇ ಅದು ನಂಬುತ್ತದೆ. ಮರೆವನ್ನೂ ಸೇರಿಸಿದ ಲೆಕ್ಕಗಳು ಆಮೇಲೆ ಬಂದಿವೆ, ಎಲ್ಲರೂ ಬಳಸುವುದಿಲ್ಲ. ಮೂರು ತಿಂಗಳ ಹಿಂದೆ ಮುಗಿಸಿದ ಅಧ್ಯಾಯ ಇವತ್ತೂ ಹಸಿರು ಬಣ್ಣದಲ್ಲೇ ಇದೆ ಅಂದರೆ, ಆ ಹಸಿರು ಮೂರು ತಿಂಗಳ ಹಿಂದಿನದು.

ಎರಡನೆಯ ಕಾರಣ ಇನ್ನೂ ದೊಡ್ಡದು. ಆ್ಯಪ್‌ನಲ್ಲಿ ಒಂದೇ ಬಗೆಯ ಲೆಕ್ಕ ಸಾಲಾಗಿ ಬರುತ್ತದೆ. ಮೊದಲ ಎರಡಕ್ಕೆ ಯೋಚಿಸಬೇಕು. ಮೂರನೆಯದರಿಂದ ಸೂತ್ರ ಕೈಯಲ್ಲೇ ಇರುತ್ತದೆ, ಅಂಕಿ ಬದಲಾಯಿಸಿದರೆ ಸಾಕು. ಪರೀಕ್ಷೆಯಲ್ಲಿ ಹಾಗಲ್ಲ. ಅಲ್ಲಿ ಯಾವ ಸೂತ್ರ ಬೇಕು ಎಂದು ಗುರುತಿಸುವುದೇ ಅರ್ಧ ಕೆಲಸ. 2007ರಲ್ಲಿ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ನೋಡಿದರು. ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ. ಒಂದು ಗುಂಪಿಗೆ ಬಗೆ ಬಗೆಯಾಗಿ ಬೇರ್ಪಡಿಸಿ ಕೊಟ್ಟರು, ಇನ್ನೊಂದಕ್ಕೆ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಬೇರ್ಪಡಿಸಿದ ಗುಂಪಿನದು ಶೇ. 89 ಸರಿ, ಕಲಸಿದ ಗುಂಪಿನದು ಶೇ. 60. ಒಂದು ವಾರ ಬಿಟ್ಟು ಟೆಸ್ಟ್ ಮಾಡಿದರು. ಮೊದಲಿನವರದು 20ಕ್ಕೆ ಇಳಿಯಿತು. ಕಲಸಿ ಮಾಡಿದವರದು 63. ಈ ನಾಲ್ಕು ಅಂಕಿಗಳನ್ನು ಒಮ್ಮೆ ನಿಧಾನವಾಗಿ ನೋಡಿ. ಅಭ್ಯಾಸದಲ್ಲಿ ಸಲೀಸಾಗಿ ಓಡಿದವರೇ ಪರೀಕ್ಷೆಯಲ್ಲಿ ಮುಗ್ಗರಿಸಿದರು. ನಿಮ್ಮ ಮನೆಯಲ್ಲಿ ಆದದ್ದೂ ಇಂಥದ್ದೇ ಇರಬಹುದು.

ಮೂರನೆಯದು ಹಿಂಟ್ ಬಟನ್. ಒಮ್ಮೆ ಒಬ್ಬ ಹುಡುಗನ ಪಕ್ಕ ಕೂತು ಅರ್ಧ ಗಂಟೆ ಸುಮ್ನೆ ನೋಡುತ್ತಿದ್ದೆ. ಪ್ರಶ್ನೆ ಬರುತ್ತಿದ್ದ ಹಾಗೆ ಹಿಂಟ್ ಒತ್ತುತ್ತಿದ್ದ. ಮತ್ತೆ ಒತ್ತುತ್ತಿದ್ದ. ಮೂರನೆಯ ಹಿಂಟ್‌ನಲ್ಲಿ ಉತ್ತರ ಹೆಚ್ಚುಕಡಿಮೆ ಹೊರಗೇ ಬಂದುಬಿಡುತ್ತಿತ್ತು. ಅದನ್ನು ನೋಡಿ ಬರೆದು ಮುಂದಕ್ಕೆ ಹೋಗುತ್ತಿದ್ದ. ಪ್ರಶ್ನೆಯನ್ನು ಪೂರ್ತಿ ಓದಿದ್ದು ಒಂದೆರಡು ಸಲ ಅಷ್ಟೆ. ಅವನು ಸೋಮಾರಿ ಅಲ್ಲ, ಬಹಳ ಜಾಣ. ಯಂತ್ರ ಏನು ಕೇಳುತ್ತದೆ ಎಂದು ಕಂಡುಕೊಂಡಿದ್ದ, ಅದನ್ನೇ ಕೊಡುತ್ತಿದ್ದ! ಮಕ್ಕಳ ಈ ಚಾಳಿಯನ್ನು ರಯಾನ್ ಬೇಕರ್ ಎಂಬ ಸಂಶೋಧಕ 2004ರಲ್ಲೇ ಅಧ್ಯಯನ ಮಾಡಿದ್ದಾರೆ. ಹೀಗೆ ಮಾಡುವ ಮಕ್ಕಳು ಕಲಿಯುವುದು ಕಡಿಮೆ ಎಂಬುದೂ ಅದರಲ್ಲಿ ಕಂಡಿತು.

ಈಗ ಮಿದುಳಿನ ವಿಚಾರಕ್ಕೆ ಬರೋಣ. ಇಲ್ಲಿ ನಿಜಕ್ಕಿಂತ ಮಾರಾಟದ ಮಾತೇ ಜಾಸ್ತಿ.

‘ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು’ ಎಂಬ ವಿಂಗಡಣೆಯನ್ನು ಬಹಳ ಶಿಕ್ಷಕರೂ ನಂಬುತ್ತಾರೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಮಗುವಿನ ಶೈಲಿಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ತಕ್ಕ ಪುರಾವೆ ಸಿಗಲಿಲ್ಲ. ಮಕ್ಕಳಿಗೆ ಇಷ್ಟಗಳು ಇರುತ್ತವೆ, ಇಲ್ಲ ಅನ್ನುವುದಿಲ್ಲ. ನಿಮ್ಮ ಮಗಳಿಗೆ ವಿಡಿಯೊ ಇಷ್ಟವಿರಬಹುದು. ಇಷ್ಟವಾದದ್ದರಿಂದಲೇ ಜಾಸ್ತಿ ತಲೆಗೆ ಹತ್ತುತ್ತದೆ ಅಂತಲ್ಲ. ರೇಖಾಗಣಿತಕ್ಕೆ ಚಿತ್ರ ಬೇಕು, ಅದು ಎಲ್ಲ ಮಕ್ಕಳಿಗೂ ಬೇಕು. ಉಚ್ಚಾರಣೆ ಕಲಿಯಲು ಕೇಳಬೇಕು, ಅದೂ ಎಲ್ಲರಿಗೂ. ಪಾಠಕ್ಕೆ ಏನು ಬೇಕು ಅನ್ನುವುದು ಮುಖ್ಯ.

ಬಲ ಮಿದುಳು, ಎಡ ಮಿದುಳು? ಎರಡು ಅರ್ಧಗಳಿಗೂ ಬೇರೆ ಬೇರೆ ಕೆಲಸ ಇರುವುದು ನಿಜ. ಮಿದುಳಿನ ಎರಡು ಭಾಗಗಳ ನಡುವಿನ ಕೊಂಡಿ ಕತ್ತರಿಸಿದ ರೋಗಿಗಳನ್ನು ಅಧ್ಯಯನ ಮಾಡಿ ರೋಜರ್ ಸ್ಪೆರಿ 1981ರಲ್ಲಿ ನೊಬೆಲ್ ಪಡೆದರು. ಆದರೆ ಅದರಿಂದ ‘ಬಲ ಮಿದುಳಿನ ಮಗು’ ಹುಟ್ಟುವುದಿಲ್ಲ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಸ್ಕ್ಯಾನ್ ನೋಡಿದರು. ಒಬ್ಬ ವ್ಯಕ್ತಿಯ ಒಟ್ಟು ಮಿದುಳೇ ಒಂದು ಕಡೆಗೆ ವಾಲಿರುವ ಗುರುತು ಸಿಗಲಿಲ್ಲ. ಆ ವರದಿಯನ್ನು ಪಕ್ಕಕ್ಕಿಡಿ.

ಹೆಡ್‌ಬ್ಯಾಂಡ್ ಬೇಡ. ಮಿದುಳಿನ ಅಲೆ ಅಳೆಯುವುದು ಹೊಸ ಮಾಯೆಯೇನಲ್ಲ. ಹಾನ್ಸ್ ಬರ್ಗರ್ ಎಂಬ ಜರ್ಮನ್ ವೈದ್ಯರು 1924ರಲ್ಲೇ ಮನುಷ್ಯರ ಇಇಜಿ ದಾಖಲಿಸಿದ್ದರು. ಆಸ್ಪತ್ರೆಯಲ್ಲಿ ಮೂರ್ಛೆರೋಗ ಪತ್ತೆಗೆ ಇದು ಬಹಳ ಉಪಯೋಗದ್ದು. ಆದರೆ ನೆತ್ತಿಯ ಮೇಲೆ ಸಿಗುವ ಸಂಕೇತ ಒಂದು ವೋಲ್ಟಿನ ಲಕ್ಷದಲ್ಲಿ ಕೆಲವೇ ಭಾಗದಷ್ಟು. ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ ಅದಕ್ಕಿಂತ ಜೋರಾದ ಸಂಕೇತ ಬರುತ್ತದೆ. ಓಡಾಡುವ, ತಲೆ ಕೆರೆಯುವ ಮಗುವಿನ ಹಣೆಯಿಂದ ಎರಡು ಮೂರು ತುದಿಗಳಲ್ಲಿ ಹಿಡಿದ ಅಲೆಯನ್ನು ‘ಗಮನ ಶೇ. 71’ ಎಂದು ಬರೆಯುವುದು ಕಂಪನಿಯ ಸೂತ್ರ, ಮಿದುಳಿನ ಮಾತಲ್ಲ. ಗಮನವಿಟ್ಟು ಹಗಲುಗನಸು ಕಾಣುವ ಮಗುವನ್ನೂ ಅದು ಮೆಚ್ಚಿಕೊಳ್ಳಬಹುದು. ಜೊತೆಗೆ, ಮಗಳ ಮಿದುಳಿನ ದಾಖಲೆ ಎಲ್ಲಿ ಸೇರುತ್ತದೆ, ಯಾರ ಕೈಗೆ ಹೋಗುತ್ತದೆ ಅನ್ನುವ ಪ್ರಶ್ನೆ ಬೇರೆ. ಮಕ್ಕಳ ಮುಖ, ದನಿ, ಮೈಯ ಸಂಕೇತಗಳಿಂದ ಭಾವನೆ ಊಹಿಸುವ ಎಐಯನ್ನು ಶಾಲೆಗಳಲ್ಲಿ ಬಳಸುವುದನ್ನು ಯುರೋಪಿಯನ್ ಒಕ್ಕೂಟ 2025ರ ಫೆಬ್ರವರಿಯಿಂದ ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಕ್ಕೆ ಮಾತ್ರ ವಿನಾಯಿತಿ.

‘ಮಿದುಳು’ ಅನ್ನುವ ಪದಕ್ಕೇ ಒಂದು ಮರುಳು ಮಾಡುವ ಗುಣ ಇದೆ. 2008ರಲ್ಲಿ ಡೀನಾ ವೈಸ್‌ಬರ್ಗ್ ಮತ್ತು ಸಂಗಡಿಗರು ಜನರಿಗೆ ಒಳ್ಳೆಯ ವಿವರಣೆ, ಕಳಪೆ ವಿವರಣೆ ಎರಡನ್ನೂ ಓದಿಸಿದರು. ಕಳಪೆ ವಿವರಣೆಗೆ ಸಂಬಂಧವೇ ಇಲ್ಲದ ಒಂದು ಮಿದುಳಿನ ಮಾತು ಸೇರಿಸಿದರೂ ಸಾಮಾನ್ಯ ಓದುಗರಿಗೆ ಅದು ಹೆಚ್ಚು ಹಿಡಿಸಿತು. ಆ್ಯಪ್‌ನ ಜಾಹೀರಾತು ಓದುವಾಗ ಒಂದು ಕೆಲಸ ಮಾಡಿ. ಮಿದುಳು, ನ್ಯೂರಾನ್ ಅನ್ನುವ ಪದಗಳನ್ನೆಲ್ಲ ಮನಸ್ಸಿನಲ್ಲೇ ಅಳಿಸಿಬಿಡಿ. ಆಮೇಲೂ ಏನಾದರೂ ಉಳಿದರೆ ಅದನ್ನು ಓದಿ.

ಹಾಗಂತ ಮಿದುಳಿನ ವಿಜ್ಞಾನದಿಂದ ಕಲಿಯುವುದು ಏನೂ ಇಲ್ಲ ಅಂದುಕೊಳ್ಳಬೇಡಿ. ಎರಡು ಸಂಗತಿ ಬಹಳ ಗಟ್ಟಿ. ಒಂದು, ನಾವು ಒಂದು ಹೊತ್ತಿನಲ್ಲಿ ಮನಸ್ಸಿನಲ್ಲಿ ಹಿಡಿದುಕೊಳ್ಳಬಲ್ಲ ಹೊಸ ಸಂಗತಿಗಳು ಸುಮಾರು ನಾಲ್ಕು. ಹಾಗಾಗಿ ಹೊಸ ಪಾಠದಲ್ಲಿ ಮಗುವನ್ನು ನೇರ ಲೆಕ್ಕಕ್ಕೆ ತಳ್ಳಿದರೆ ಅದು ಮುಳುಗುತ್ತದೆ. ಮೊದಲು ಬಿಡಿಸಿದ ಉದಾಹರಣೆ ತೋರಿಸಬೇಕು. ಸ್ವಲ್ಪ ಪಳಗಿದ ಮೇಲೆ ಅದೇ ಉದಾಹರಣೆ ಬೇಡವಾಗುತ್ತದೆ, ಕೆಲವೊಮ್ಮೆ ಅಡ್ಡವೂ ಆಗುತ್ತದೆ. ಆ ತಿರುವು ಪ್ರತಿ ಮಗುವಿಗೂ ಬೇರೆ ಬೇರೆ ದಿನ ಬರುತ್ತದೆ. ತರಗತಿಯಲ್ಲಿ ಒಬ್ಬ ಶಿಕ್ಷಕಿಗೆ ಅದನ್ನು ಎಲ್ಲರಿಗೂ ಹಿಡಿಯುವುದು ಕಷ್ಟ. ಹೊಂದಿಕೊಳ್ಳುವ ಎಐ ನಿಜವಾಗಿ ಕೈಹಿಡಿಯಬಹುದಾದ ಜಾಗ ಇದು.

ಎರಡನೆಯದು, ನೆನಪು ಗಟ್ಟಿಯಾಗುವುದು ಒಳಗೆ ಹಾಕುವಾಗ ಮಾತ್ರ ಅಲ್ಲ, ಹೊರಗೆ ಎಳೆಯುವಾಗ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ವಿದ್ಯಾರ್ಥಿಗಳಿಗೆ ಸಣ್ಣ ಗದ್ಯ ಓದಿಸಿದರು. ಕೆಲವರು ಮತ್ತೊಮ್ಮೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದು, ಅವರದು ಶೇ. 81, ಬರೆದವರದು ಶೇ. 75. ಒಂದು ವಾರದ ನಂತರ ತಿರುವುಮುರುವಾಯಿತು. ಓದಿದವರಿಗೆ ಉಳಿದದ್ದು ಶೇ. 42, ಬರೆದವರಿಗೆ 56. ನಿಮ್ಮ ಮಾವನವರು ‘ಪುಸ್ತಕ ಹಿಡಿಸು’ ಅನ್ನುವುದರಲ್ಲೂ ಈ ಅಪಾಯ ಇದೆ. ಹಿಡಿದ ಪುಸ್ತಕವನ್ನು ನಾಲ್ಕು ಸಲ ಓದಿ ‘ಬಂತು’ ಅಂದುಕೊಳ್ಳುವುದೂ, ಆ್ಯಪ್‌ನ ಹಸಿರು ನೋಡಿ ‘ಬಂತು’ ಅಂದುಕೊಳ್ಳುವುದೂ ಒಂದೇ ತಪ್ಪು. ಉತ್ತರ ಯಾರ ತಲೆಯಿಂದ ಹೊರಗೆ ಬಂತು? ಪುಸ್ತಕವಿರಲಿ, ಆ್ಯಪ್ ಇರಲಿ, ಚಾಟ್‌ಬಾಟ್ ಇರಲಿ, ನಾನು ಕೇಳುವ ಪ್ರಶ್ನೆ ಇದೊಂದೇ.

ಚಾಟ್‌ಬಾಟ್ ಬಗ್ಗೆ ಇದಕ್ಕೆ ನೇರ ಉತ್ತರ ಕೊಡುವ ಒಂದು ಪ್ರಯೋಗ ಟರ್ಕಿಯಲ್ಲಿ ನಡೆದಿದೆ. ಸುಮಾರು ಸಾವಿರ ಪ್ರೌಢಶಾಲಾ ಮಕ್ಕಳು, ಗಣಿತ. ಒಂದು ಗುಂಪಿಗೆ ಮಾಮೂಲಿ ಚಾಟ್‌ಬಾಟ್. ಇನ್ನೊಂದಕ್ಕೆ ಉತ್ತರ ಕೊಡದೆ ದಾರಿ ಮಾತ್ರ ತೋರಿಸುವಂತೆ ಕಟ್ಟಿದ ಚಾಟ್‌ಬಾಟ್. ಮೂರನೆಯದಕ್ಕೆ ಏನೂ ಇಲ್ಲ. ಏನೂ ಇಲ್ಲದವರಿಗೆ ಹೋಲಿಸಿದರೆ ಅಭ್ಯಾಸದಲ್ಲಿ ಮಾಮೂಲಿ ಚಾಟ್‌ಬಾಟ್ ಗುಂಪಿನ ಅಂಕ ಶೇ. 48 ಹೆಚ್ಚು, ದಾರಿ ತೋರಿಸುವ ಗುಂಪಿನದು ಶೇ. 127 ಹೆಚ್ಚು. ಆಮೇಲೆ ಎಲ್ಲವನ್ನೂ ಕಿತ್ತುಕೊಂಡು ಪರೀಕ್ಷೆ ಮಾಡಿದರು. ಮಾಮೂಲಿ ಚಾಟ್‌ಬಾಟ್ ಬಳಸಿದವರು ಏನೂ ಬಳಸದವರಿಗಿಂತ ಶೇ. 17 ಹಿಂದೆ ಬಿದ್ದರು. ದಾರಿ ತೋರಿಸುವ ಗುಂಪಿಗೆ ಆ ನಷ್ಟ ಬಹುಪಾಲು ಆಗಲಿಲ್ಲ. ನನಗೆ ಕಾಡಿದ್ದು ಇನ್ನೊಂದು ವಿಷಯ. ಹಿಂದೆ ಬಿದ್ದ ಮಕ್ಕಳಿಗೆ ತಾವು ಹಿಂದೆ ಬಿದ್ದದ್ದು ಗೊತ್ತೇ ಆಗಿರಲಿಲ್ಲ. ಊರುಗೋಲು ಹಿಡಿದು ನಡೆದವರಿಗೆ ತಮ್ಮ ಕಾಲಿಗೆ ಬಲ ಬಂತು ಅನಿಸಿತ್ತು.

ಇದರ ಎದುರಿಗೆ ಇನ್ನೊಂದನ್ನೂ ಇಡಬೇಕು, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಅಲ್ಲಿ ಶಿಕ್ಷಕರೇ ಯೋಚಿಸಿ ಕಟ್ಟಿದ ಎಐ ಟ್ಯೂಟರ್ ಜೊತೆ ಕಲಿತವರು ಒಳ್ಳೆಯ ತರಗತಿಯಲ್ಲಿ ಕಲಿತವರಿಗಿಂತ ಕಡಿಮೆ ಹೊತ್ತಿನಲ್ಲಿ ಹೆಚ್ಚು ಕಲಿತರು. ಚಾಟ್‌ಬಾಟ್ ಬರುವ ಮೊದಲೇ, 2011ರಲ್ಲಿ, ಕರ್ಟ್ ವ್ಯಾನ್‌ಲೇನ್ ಹಳೆಯ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ್ದರು. ಲೆಕ್ಕದ ಒಂದೊಂದು ಹಂತವನ್ನೂ ನೋಡಿ ತಿದ್ದುವ ಕಂಪ್ಯೂಟರ್ ಟ್ಯೂಟರ್‌ಗಳು ಮನುಷ್ಯ ಟ್ಯೂಟರ್‌ಗಳಿಗೆ ಹೆಚ್ಚುಕಡಿಮೆ ಸಮನಾಗಿದ್ದವು. ಕೊನೆಯ ಉತ್ತರ ಮಾತ್ರ ನೋಡಿ ಸರಿ ತಪ್ಪು ಹೇಳುವವು ಅದರ ಅರ್ಧದಷ್ಟೂ ಕೆಲಸ ಮಾಡಲಿಲ್ಲ. ನಿಮ್ಮ ಆ್ಯಪ್ ಯಾವ ಜಾತಿಯದು? ನಾಲ್ಕು ಆಯ್ಕೆ ಕೊಟ್ಟು ಒಂದನ್ನು ಒತ್ತಿಸುತ್ತದೆಯಾ, ಅಥವಾ ಮಗಳು ಬಿಡಿಸಿದ ದಾರಿಯನ್ನೂ ಕೇಳುತ್ತದೆಯಾ? ಇವತ್ತೇ ನೋಡಿ.

ಈಗ ನಿಲ್ಲಿಸಬೇಕೇ, ಬೇಡವೇ ಅನ್ನುವುದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಸಣ್ಣ ಪರೀಕ್ಷೆ ಮನೆಯಲ್ಲೇ ಮಾಡಿ. ಆ್ಯಪ್ ಮೂರು ನಾಲ್ಕು ವಾರದ ಹಿಂದೆ ‘ಮುಗಿಯಿತು’ ಅಂದ ಬೇರೆ ಬೇರೆ ಅಧ್ಯಾಯಗಳಿಂದ ಐದು ಲೆಕ್ಕ ಆರಿಸಿ. ಕಲಸಿ, ಹಾಳೆಯ ಮೇಲೆ ಬರೆದು ಕೊಡಿ. ಫೋನ್ ಇಲ್ಲ, ಗಡಿಯಾರವೂ ಇಲ್ಲ. ಅಂಕ ಹಾಕಬೇಡಿ, ಎಲ್ಲಿ ನಿಂತಳು ಅಂತ ನೋಡಿ. ‘ಇದು ಮಾಡಿದ್ದೆ, ಮರೆತೆ’ ಅಂದರೆ ಅದು ಕೆಲವು ದಿನ ಬಿಟ್ಟು ಮತ್ತೆ ಮಾಡುವ ರಿವಿಷನ್ ಇಲ್ಲದ ತೊಂದರೆ. ಸೂತ್ರ ಹೇಳಿಕೊಟ್ಟ ಕೂಡಲೇ ಸರಸರ ಬಿಡಿಸಿದರೆ, ಬಗೆ ಗುರುತಿಸುವುದು ಬರುತ್ತಿಲ್ಲ ಅಂತ ಅರ್ಥ, ಅವಳಿಗೆ ಕಲಸಿದ ಅಭ್ಯಾಸ ಬೇಕು. ಸೂತ್ರ ಹೇಳಿದರೂ ಮಧ್ಯದ ಹಂತದಲ್ಲಿ ಎಡವಿದರೆ ಬುಡ ಸಡಿಲ, ಅಲ್ಲಿಗೆ ಶಿಕ್ಷಕರೇ ಬೇಕು. ಐದೂ ಸರಿಯಾಗಿ ಬಂದುಬಿಟ್ಟರೆ? ಆಗ ನೋಡಬೇಕಾದ್ದು ಪರೀಕ್ಷೆಯ ಭಯವನ್ನು. ಭಯ ಮನಸ್ಸಿನಲ್ಲಿರುವ ಆ ನಾಲ್ಕು ಜಾಗಗಳಲ್ಲೇ ಕೂತು ಲೆಕ್ಕಕ್ಕೆ ಜಾಗ ಬಿಡುವುದಿಲ್ಲ. ಅದಕ್ಕೆ ಮದ್ದು ಇನ್ನಷ್ಟು ಲೆಕ್ಕ ಅಲ್ಲ.

ಪೂರ್ತಿ ನಿಲ್ಲಿಸಿದರೆ ಹೋಮ್‌ವರ್ಕ್ ನಕಲು ನಿಲ್ಲುತ್ತದೆ, ನಿಜ. ಆದರೆ ತಪ್ಪಾದ ಕೂಡಲೇ ತಿದ್ದುವ ಕೈಯೂ ಹೋಗುತ್ತದೆ. ಸಂಜೆ ಹೊತ್ತು ಪಕ್ಕದಲ್ಲಿ ಕೂತು ನೋಡುವವರು ಮನೆಯಲ್ಲಿ ಇಲ್ಲದಿದ್ದರೆ ಆ ನಷ್ಟ ಸಣ್ಣದಲ್ಲ. ಕದ್ದು ಬಳಸುವ ಸಾಧ್ಯತೆಯೂ ಇದೆ. ಈಗಿನ ಹಾಗೇ ಬಿಟ್ಟರೆ ಮುಂದಿನ ಪರೀಕ್ಷೆಯಲ್ಲೂ ಇದೇ ಕಥೆ. ಆ ಸಲ ಅವಳು ‘ನಂಗೆ ಗಣಿತವೇ ಬರಲ್ಲ’ ಅನ್ನುವ ತೀರ್ಮಾನಕ್ಕೆ ಬಂದುಬಿಡಬಹುದು, ಅದು 54ಕ್ಕಿಂತ ಕೆಟ್ಟದ್ದು.

ನಾನಾಗಿದ್ದರೆ ಇಟ್ಟುಕೊಂಡು, ಬಳಸುವ ರೀತಿ ಬದಲಾಯಿಸುತ್ತಿದ್ದೆ. ಮೊದಲು ಹಾಳೆಯ ಮೇಲೆ ಐದು ನಿಮಿಷ ಒಬ್ಬಳೇ ಗುದ್ದಾಡಲಿ, ಆಮೇಲೆ ಹಿಂಟ್. ಹಿಂಟ್ ತೆಗೆದುಕೊಂಡ ಲೆಕ್ಕ ಮಾರನೇ ದಿನ ಮತ್ತೆ ಬರಬೇಕು, ಹಿಂಟ್ ಇಲ್ಲದೆ. ಚಾಟ್‌ಬಾಟ್‌ಗೆ ‘ಉತ್ತರ ಹೇಳಬೇಡ, ನಾನು ಎಲ್ಲಿ ತಪ್ಪಿದೆ ಅಂತ ಮಾತ್ರ ಹೇಳು’ ಎಂದು ಬರೆಯುವ ಅಭ್ಯಾಸ ಮಾಡಿಸಿ. ಅವಳು ಬರೆದ ಉತ್ತರವನ್ನು ಅದರ ಮುಂದಿಟ್ಟು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಒಂದು ಎಚ್ಚರ, ಚಾಟ್‌ಬಾಟ್ ತಪ್ಪನ್ನೂ ಬಹಳ ಧೈರ್ಯದಿಂದ ಹೇಳುತ್ತದೆ. ಆ್ಯಪ್‌ನಲ್ಲಿ ಕಲಸಿದ ಪ್ರಶ್ನೆ ಅಥವಾ ಹಳೆಯ ಪಾಠದ ರಿವಿಷನ್ ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ನೀವೇ ದಿನ ಗೊತ್ತು ಮಾಡಿ. ಎಷ್ಟು ಅಂತರ? 2008ರಲ್ಲಿ ನಿಕೊಲಸ್ ಸೆಪೆಡಾ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನೋಡಿದರು. 35 ದಿನದ ನಂತರದ ಪರೀಕ್ಷೆಗೆ ಸುಮಾರು 11 ದಿನ ಬಿಟ್ಟು ಮಾಡಿದ ರಿವಿಷನ್ ಚೆನ್ನಾಗಿ ಕೂತಿತು. ಇದನ್ನು ದಿನ ಎಣಿಸಿ ಪಾಲಿಸಬೇಕಿಲ್ಲ. ಮಾರನೇ ದಿನವೇ ಮಾಡುವುದಕ್ಕಿಂತ ಸ್ವಲ್ಪ ಮರೆತ ಮೇಲೆ ಮಾಡಿದರೆ ಲಾಭ ಅಂತ ತಿಳಿದರೆ ಸಾಕು. ಮತ್ತೆ, ರಾತ್ರಿ ನಿದ್ದೆಗೆಟ್ಟು ಆ್ಯಪ್ ಬೇಡ. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವ ಕೆಲಸ ಬಹಳಷ್ಟು ನಡೆಯುವುದು ನಿದ್ದೆಯಲ್ಲಿ.

ಈ ದಾರಿಗೂ ಒಂದು ಬೆಲೆ ಇದೆ, ಮೊದಲೇ ಹೇಳಿಬಿಡುತ್ತೇನೆ. ಹೀಗೆ ಮಾಡಿದ ಮೊದಲ ಕೆಲವು ವಾರ ಅವಳ 92 ಇಳಿಯುತ್ತದೆ, 65ಕ್ಕೂ ಬರಬಹುದು. ಅವಳಿಗೆ ಸಿಟ್ಟು ಬರುತ್ತದೆ. ರೋರರ್ ಪ್ರಯೋಗದ ಆ 89, 60, 20, 63 ಅಂಕಿಗಳನ್ನು ಅವಳ ಮುಂದಿಡಿ. ಒಂಬತ್ತನೇ ತರಗತಿಯ ಹುಡುಗಿಗೆ ಇದು ಅರ್ಥವಾಗುತ್ತದೆ, ದೊಡ್ಡವರ ಬುದ್ಧಿವಾದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ. ಇನ್ನೊಂದು, ನೀವು ಮನೆಯಲ್ಲಿ ಪೊಲೀಸ್ ಆಗಿಬಿಡುವ ಅಪಾಯ ಇದೆ. ವಾರಕ್ಕೊಮ್ಮೆ ಐದು ಲೆಕ್ಕದ ಹಾಳೆ ಸಾಕು, ಪ್ರತಿ ಕ್ಲಿಕ್ ನೋಡಬೇಡಿ.

ಮಿದುಳಿಗೆ ತೊಂದರೆಯೇ ಅಂತ ಕೇಳಿದ್ದೀರಿ. ಆ್ಯಪ್ ಬಳಸಿದ್ದರಿಂದ ಮಿದುಳು ಕೆಟ್ಟುಹೋಗುವುದಿಲ್ಲ. ಮಾಡದ ಅಭ್ಯಾಸ ಕೈಗೂಡುವುದಿಲ್ಲ, ಅಷ್ಟೆ. ಎಂಟು ತಿಂಗಳಲ್ಲಿ ಕಳೆದುಹೋದದ್ದು ಮತ್ತೆ ಬರುತ್ತದೆ. ಒಮ್ಮೆ ಕಲಿತು ಮರೆತದ್ದನ್ನು ಮತ್ತೆ ಕಲಿಯಲು ಕಡಿಮೆ ಹೊತ್ತು ಸಾಕು ಎಂದು ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲೇ ತೋರಿಸಿದ್ದಾರೆ.

ಶಾಲೆಯಿಂದ ಉತ್ತರ ಪತ್ರಿಕೆ ಕೊಟ್ಟಿದ್ದರೆ ಅದನ್ನೂ ತೆಗೆದುಕೊಳ್ಳಿ. ಹೋದ 46 ಅಂಕಗಳು ಯಾವ ಅಧ್ಯಾಯದವು, ಆ ಅಧ್ಯಾಯಗಳನ್ನು ಆ್ಯಪ್‌ನಲ್ಲಿ ಮುಗಿಸಿದ್ದು ಯಾವ ತಾರೀಕಿಗೆ ಎಂದು ಮಗಳ ಹತ್ತಿರವೇ ಪಕ್ಕ ಪಕ್ಕದಲ್ಲಿ ಬರೆಸಿ. ಆ ಹಾಳೆ ಮತ್ತು ಐದು ಲೆಕ್ಕದ ಹಾಳೆ ಎರಡನ್ನೂ ಹಿಡಿದುಕೊಂಡು ಗಣಿತದ ಶಿಕ್ಷಕರನ್ನು ಕಾಣಿ. ಆ್ಯಪ್‌ನ ವರದಿ ಮನೆಯಲ್ಲೇ ಇರಲಿ.